'ಲಿಂ.' ಎಲ್ಲಿ ಹೋಯಿತು?

ಅಣ್ಣನ ಮಗಳ ಲಗ್ನದ ಆಮಂತ್ರಣ ಪತ್ರಿಕೆಯನ್ನು ಬ್ಯಾಡಗಿಯ ಪ್ರೆಸ್ಸಿಗೆ ಕೊಡಬೇಕಿತ್ತು. ಪಿ.ಯು.ಸಿ. ಓದುವ ನನ್ನ ಮಗ ತಾನೇ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಪ್ರತಿ ತೆಗೆದು ಅಜ್ಜಿಯ ಕೈಗಿತ್ತ. ಬೆರಳಿಟ್ಟು ಓದುತ್ತಿದ್ದ ಆಕೆ ಒಂದು ಕಡೆ ನಿಂತಳು.

'ಯಾಕೋ ತಮ್ಮಾ, ನಿಮ್ಮಜ್ಜಾರು ಎದ್ದು ಬಂದು ಲಗ್ನಕ್ಕ ಕರೀತಾರೇನು?'

ನಮ್ಮ ತಂದೆ ತೀರಿಕೊಂಡು ಆರು ವರ್ಷ. ಅವರ ಹೆಸರಿಗೆ ಮೊದಲು ಇರಬೇಕಾದ 'ಲಿಂ.' ಮಾಯವಾಗಿತ್ತು. ಅದರ ಕೆಳಗೆ ಕೆಂಪು ಗೆರೆ ಬಂದಿತ್ತಂತೆ, ತಪ್ಪಿರಬೇಕೆಂದು ಅಳಿಸಿದನಂತೆ! ಲಿಂಗೈಕ್ಯ ಎಂದರೇನೆಂದು ಹುಡುಗನಿಗೆ ಗೊತ್ತು. ಆದರೆ ಕೆಂಪು ಗೆರೆ ಕಂಡರೆ ಮಾಸ್ತರರ ಕೆಂಪು ಶಾಯಿ ಕಂಡಷ್ಟೇ ಭಯ. ಆ ಭಯ ಕಲಿಸಿದವರಲ್ಲಿ ನಾನೂ ಒಬ್ಬ.

ಇಬ್ಬರೂ ಕೂತು ನೋಡಿದೆವು. ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಅರ್ಥ ತಿಳಿಯದು. ಅದರ ಬಳಿ ಇರುವುದು ಒಂದು ಪದಪಟ್ಟಿ. ಪದ ಎಲ್ಲಿ ಮುಗಿಯಿತೆಂದು ಮೊದಲು ಗೊತ್ತಾಗಬೇಕು. ತೊಡಕಿರುವುದು ಇಲ್ಲೇ. ಚುಕ್ಕೆ ವಾಕ್ಯವನ್ನೂ ಮುಗಿಸುತ್ತದೆ, ಪದವನ್ನೂ ಚಿಕ್ಕದು ಮಾಡುತ್ತದೆ. 'ಎ.ಪಿ.ಎಂ.ಸಿ.' ಎಂದು ಬರೆದರೆ ನಡುವಿನ ಚುಕ್ಕೆಗಳನ್ನು ಒಳಗಿಟ್ಟುಕೊಂಡು, ಕೊನೆಯದನ್ನು ವಾಕ್ಯದ ಪಾಲಿಗೆ ಬಿಡುವುದು ಸಾಮಾನ್ಯ ರೂಢಿ. ಉಳಿದದ್ದು ಪಟ್ಟಿಯಲ್ಲಿಲ್ಲದಿದ್ದರೆ ಕೆಂಪು ಗೆರೆ. ಇಂಗ್ಲಿಷಿಗೆ ದೊಡ್ಡಕ್ಷರಗಳ ಆಸರೆಯಿದೆ. ಎಲ್ಲವೂ ದೊಡ್ಡಕ್ಷರವಾದರೆ ಆ ಪದವನ್ನು ಬಿಟ್ಟು ಮುಂದೆ ಹೋಗೆಂದು ಯಂತ್ರಕ್ಕೆ ಹೇಳಿಡಬಹುದು. ಕನ್ನಡಕ್ಕೆ ಆ ಗುರುತಿಲ್ಲ. ಮೇಲಾಗಿ ನಮ್ಮಲ್ಲಿ ಎರಡು ಪದ್ಧತಿ: ಇದೇ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಒಂದು ಕಡೆ ವಿ.ಕೃ., ಇನ್ನೊಂದು ಕಡೆ ವಿ.ಕೆ.

ತಮಾಷೆಯೆಂದರೆ, ವಿಳಾಸದಲ್ಲಿ 'ಜಿ. ಹಾವೇರಿ'ಯ 'ಜಿ' ಕೆಂಪಾಗಿತ್ತು, 'ತಾ. ಬ್ಯಾಡಗಿ'ಯ 'ತಾ' ಪಾಸಾಗಿತ್ತು. ತಾಲೂಕು ಗೊತ್ತಿದ್ದಕ್ಕಲ್ಲ, 'ನೀರು ತಾ' ಎನ್ನುವ 'ತಾ' ಪಟ್ಟಿಯಲ್ಲಿದ್ದಿರಬೇಕು! ಬ್ಯಾಡಗಿಯ ಕೆಳಗೂ ಗೆರೆಯಿತ್ತು. ನಮ್ಮ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕರೂ ಆ ಪಟ್ಟಿಗೆ ಸುದ್ದಿ ತಲುಪಿರಲಿಲ್ಲ.

ಪಟ್ಟಿಗೆ ನಮ್ಮ ಪದ ಸೇರಿಸುವ ಅನುಕೂಲವಿದೆ. ಹುಡುಗ 'ಲಿಂ.' ಸೇರಿಸಿದ, ಗೆರೆ ಹೋಯಿತು. ಎರಡನೆಯ ಪ್ರತಿಯೂ ಅಜ್ಜಿಯ ಕೈ ಸೇರಿತು.

'ಇಲ್ಲೆ ಚುಕ್ಕಿ ಬಿಟ್ಟೀಯಲ್ಲೋ.'

ಹೌದು, ಒಂದು ಕಡೆ ಬರೀ 'ಲಿಂ' ಇತ್ತು. ಯಂತ್ರ ಪಟ್ಟಿಗೆ ಸೇರಿಸಿಕೊಂಡಿದ್ದೇ ಚುಕ್ಕೆ ತೆಗೆದು. ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಸುಮ್ಮನಿತ್ತು. ಮಗ ಮತ್ತೆ ಕೀಲಿಮಣೆಯ ಮುಂದೆ ಕೂತ. ಈ ಸಲ ಅಜ್ಜಿಯೂ ಪಕ್ಕದಲ್ಲೇ ಕೂತಳು.