ಹರಳಿನ ಮುಖ, ಬಣ್ಣದ ನೀರು



ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಮೆಚ್ಚದವರಿಲ್ಲ. ಆದರೆ ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರಿನ ಬಗ್ಗೆ ಮಾತನಾಡುವವರು ಕಡಿಮೆ. ಬಣ್ಣ ಹಾಕುವ ಮನೆತನದ ನನ್ನ ಹಳೆಯ ಶಿಷ್ಯನೊಬ್ಬ ಈಚೆಗೆ ದೂರವಾಣಿಯಲ್ಲಿ ಕೇಳಿದ: "ಮೇಷ್ಟ್ರೇ, ಬಿಸಿಲಿನಲ್ಲಿ ಬಣ್ಣವನ್ನೇ ತಿಂದುಹಾಕುವ ಬಿಳಿ ಪುಡಿ ಇದೆಯಂತೆ. ತರಿಸಿ ಗುಂಡಿಗೆ ಸುರಿಯಲೇ? ಪಕ್ಕದಲ್ಲೇ ಕೊಳವೆಬಾವಿ ಇದೆ." ಅವನಿಗೆ ಹೇಳಿದ್ದನ್ನು ನಿಮಗೂ ತಿಳಿಸಬೇಕೆನಿಸಿತು.

ಆ ಪುಡಿ ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಬಣ್ಣದಲ್ಲಿ ಇರುವಂಥದೇ. ಅದರ ಹರಳಿನ ಮೇಲೆ ನೇರಳಾತೀತ ಕಿರಣ ಬಿದ್ದಾಗ ಎಲೆಕ್ಟ್ರಾನೊಂದು ತನ್ನ ನೆಲೆ ಬಿಟ್ಟೇಳುತ್ತದೆ. ಆ ನೆಲೆ ತೆರವಾಗುತ್ತದೆ. ಇವೆರಡೂ ಮೇಲ್ಮೈಗೆ ಬಂದು ನೀರು, ಆಮ್ಲಜನಕಗಳೊಡನೆ ವರ್ತಿಸಿದರೆ ಬಣ್ಣದ ಅಣುವನ್ನು ಒಡೆಯುವ ಚುರುಕಾದ ಕಣಗಳು ಹುಟ್ಟುತ್ತವೆ. ದಾರಿಯಲ್ಲೇ ಮತ್ತೆ ಕೂಡಿಕೊಂಡರೆ ಬೆಳಕು ವ್ಯರ್ಥ.

ಕೆಲಸವೆಲ್ಲ ಮೇಲ್ಮೈಯಲ್ಲಿ ನಡೆಯುವುದರಿಂದ ಹರಳು ಸಣ್ಣದಾದಷ್ಟೂ ಒಳ್ಳೆಯದು. 1 ಸೆಂ.ಮೀ. ಘನದ ಮೇಲ್ಮೈ 6 ಚದರ ಸೆಂ.ಮೀ.; ಅದನ್ನೇ 1 ಮಿ.ಮೀ. ಘನಗಳಾಗಿ ಕತ್ತರಿಸಿದರೆ ಒಟ್ಟು 60. ಚಳ್ಳಕೆರೆಯ ತರಗತಿಯಲ್ಲಿ ನೀವು ಮಾಡಿದ ಲೆಕ್ಕವೇ ಇದು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ದಹನ ವಿಧಾನದಿಂದ ಸುಮಾರು 10 ನ್ಯಾನೊಮೀಟರ್ ಹರಳುಗಳನ್ನು ತಯಾರಿಸಿ, ಅವು ಬಿಸಿಲಿನಲ್ಲಿ ಬಣ್ಣಗಳನ್ನು ಒಡೆಯುವುದನ್ನು 2004ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಎರಡನೆಯ ಆವರಣ ಈಗ ನಮ್ಮ ಕುದಾಪುರದಲ್ಲಿದೆ.

ಗಾತ್ರದಂತೆ ಆಕಾರವೂ ಮುಖ್ಯ. ಈ ವಸ್ತುವಿನ ಅನಾಟೇಸ್ ಎಂಬ ರೂಪದ ಹರಳು ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಸೇರಿಸಿದಂತಿರುತ್ತದೆ. ಅದರ ಓರೆ ಮುಖಗಳು ದೊಡ್ಡವು. ಮೇಲೆ ಕೆಳಗೆ ತುದಿ ಕತ್ತರಿಸಿದಂತಿರುವ ಚಪ್ಪಟೆ ಮುಖಗಳು ಬಹಳ ಚಿಕ್ಕವು. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಹೈಡ್ರೊಫ್ಲೋರಿಕ್ ಆಮ್ಲ ಬಳಸಿ ಈ ಚಪ್ಪಟೆ ಮುಖಗಳನ್ನು ಶೇ. 47ರಷ್ಟಕ್ಕೆ ಹಿಗ್ಗಿಸಿದರು. ನಮ್ಮ ಸೀಮೆಯ ಮಕ್ಕಳ ಹಲ್ಲಿಗೆ ಕಲೆ ತರುವ ಫ್ಲೋರೈಡಿನ ಫ್ಲೋರಿನ್ನೇ ಅಲ್ಲಿ ಆ ಮುಖಕ್ಕೆ ಅಂಟಿಕೊಂಡು ಅದನ್ನು ಕಾಪಾಡಿತು. ಎಲೆಕ್ಟ್ರಾನುಗಳು ಓರೆ ಮುಖಕ್ಕೂ ತೆರವುಗಳು ಚಪ್ಪಟೆ ಮುಖಕ್ಕೂ ಸರಿಯುತ್ತವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಹೀಗೆ ಬೇರೆ ದಾರಿ ಹಿಡಿದವು ಬೇಗ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಒಂದೇ ಮುಖ ಹಿಗ್ಗಿದರೆ ಸಾಲದು, ಎರಡರ ಹದವಿರಬೇಕು.

ಹಾಗಾದರೆ ಗುಂಡಿಗೆ ಸುರಿಯಬಹುದೇ? "ಬೇಡಪ್ಪ" ಎಂದೆ. ಬಿಸಿಲಿನಲ್ಲಿ ನೇರಳಾತೀತ ಪಾಲು ಶೇ. 5ರ ಆಸುಪಾಸು ಮಾತ್ರ. ಗಾಢ ಬಣ್ಣದ ನೀರಿನಲ್ಲಿ ಅದೂ ಆಳಕ್ಕಿಳಿಯದು. ಅಷ್ಟು ಸಣ್ಣ ಪುಡಿಯನ್ನು ಮರಳಿ ಸೋಸುವುದೂ ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಬಣ್ಣ ಮಾಯವಾದ ಮಾತ್ರಕ್ಕೆ ನೀರು ಶುದ್ಧವಾಯಿತೆಂದಲ್ಲ. ಅರ್ಧ ಒಡೆದ ಅಣುಗಳು ಕಣ್ಣಿಗೆ ಕಾಣದೆ ಉಳಿದಿರಬಹುದು. ಕೆಂಪು ನೀರನ್ನು ಕಂಡರೆ ಜನ ದೂರ ಸರಿಯುತ್ತಾರೆ, ತಿಳಿನೀರನ್ನು ಕುಡಿದುಬಿಡುತ್ತಾರೆ. ಪುಡಿಯನ್ನು ಗಾಜಿಗೋ ಹಂಚಿಗೋ ಅಂಟಿಸಿ, ತೆಳುವಾಗಿ ನೀರು ಹರಿಸಿ, ಹೊರಬಂದದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲಷ್ಟೇ ಮುಂದಿನ ಮಾತು. ಅಲ್ಲಿಯವರೆಗೆ ಗುಂಡಿಯ ನೀರು ಬಾವಿಯ ಕಡೆಗೆ ಇಂಗದಂತೆ ತಳಕ್ಕೆ ಗಾರೆ ಹಾಕಿಸೆಂದೆ. ಒಪ್ಪಿದ.

ನಿಮ್ಮಲ್ಲಿ ರಸಾಯನಶಾಸ್ತ್ರ ಓದಿ ಪ್ರಯೋಗಾಲಯಗಳಲ್ಲಿ ದುಡಿಯುವವರಿದ್ದೀರಿ. ಯಾರಾದರೂ ಊರಿಗೆ ಬಂದಾಗ ಅವನ ಮನೆಯ ಒಂದು ಸೀಸೆ ನೀರನ್ನು ಪರೀಕ್ಷೆಗೆ ಒಯ್ಯುವಿರಾದರೆ ನನಗೆ ಬರೆಯಿರಿ, ಅವನಿಗೆ ತಿಳಿಸುತ್ತೇನೆ.