ಚಾಲಗೇಣಿಯ ಅಂಗಡಿ

ಅಡಿಕೆಯ ತೋಟವನ್ನು ನಂಬಿ ಬಾಳುವ ಮನೆಗಳಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. ತೋಟಕ್ಕೆ ಹಾಕಿದ ಹಣವು ಮರಳಿ ಕೈಸೇರಬೇಕಾದರೆ ಐದಾರು ವರ್ಷ ಕಾಯಬೇಕು. ಬಂದ ಫಸಲನ್ನು ಒಂದು ಮಳೆಗಾಲದಲ್ಲಿ ಕೊಳೆರೋಗವು ಕೊಂಡೊಯ್ದರೆ ಇನ್ನೊಂದರಲ್ಲಿ ಎಲೆಚುಕ್ಕಿಯು ಕೊಂಡೊಯ್ಯುತ್ತದೆ. ಸಂಪಾಜೆ ಅರಂತೋಡುಗಳ ಕಡೆ ಹಳದಿ ಎಲೆಯ ರೋಗವು ಎಷ್ಟೋ ತೋಟಗಳನ್ನು ಬರಿದುಮಾಡಿದೆ. ಆದಕಾರಣ ಉಳಿದ ನಾಲ್ಕು ಕಾಸನ್ನು ಪೇಟೆಯ ವ್ಯಾಪಾರದಲ್ಲಿ ತೊಡಗಿಸುವುದೇ ಜಾಣತನ ಎಂಬುದು ಆ ಮಾತು. ಅದರಲ್ಲಿ ಸತ್ಯವಿಲ್ಲವೆಂದು ನಾವು ಹೇಳಲಾರೆವು. ಆದರೆ ಪೇಟೆಯ ವ್ಯಾಪಾರವೆಂಬುದು ಒಂದೇ ಬಗೆಯದಲ್ಲ. ಅದರೊಳಗೆ ಇಂದಿನ ತರುಣರ ಮನಸ್ಸನ್ನು ಹೆಚ್ಚಾಗಿ ಸೆಳೆಯುತ್ತಿರುವುದು, ದೊಡ್ಡ ಕಂಪನಿಯೊಂದರ ಹೆಸರನ್ನೂ ಹಲಗೆಯನ್ನೂ ಕೊಂಡು ನಡೆಯಿಸುವ ತಿಂಡಿಯ ಅಂಗಡಿ. ಫ್ರಾಂಚೈಸಿ ಎಂದು ಅದಕ್ಕೆ ಹೆಸರು.

ನಮ್ಮ ಅಣ್ಣನ ಮಗನು ಬೆಂಗಳೂರಿನ ಕಚೇರಿಯೊಂದರಲ್ಲಿ ಐದು ವರ್ಷ ದುಡಿದು, ಅಜ್ಜಾವರದ ಮನೆಗೆ ಮರಳಬೇಕೆಂಬ ಹಂಬಲದಿಂದ ಇಂತಹುದೇ ಒಂದು ಯೋಜನೆಯನ್ನು ತಂದನು. ತಂದೆಯಿಲ್ಲದ ಮನೆ, ತಾಯಿಯೊಬ್ಬಳೇ ತೋಟವನ್ನು ನೋಡಿಕೊಂಡಿದ್ದಾಳೆ. ಸುಳ್ಯದ ಪೇಟೆಯಲ್ಲಿ ಬರ್ಗರು, ಪಿಜ್ಜಾ, ಕರಿದ ಕೋಳಿ ಮಾರುವ ಅಂಗಡಿಯನ್ನು ತೆರೆಯಬೇಕು. ಬಂಡವಾಳ 25 ಲಕ್ಷ ರೂಪಾಯಿ. ಹೆಸರಿನ ಬೆಲೆಯೆಂದು ಕಂಪನಿಗೆ 5 ಲಕ್ಷ, ಇದು ಹಿಂದಿರುಗತಕ್ಕುದಲ್ಲ. ಅಡಿಗೆಯ ಯಂತ್ರಗಳಿಗೂ ಅಲಂಕಾರಕ್ಕೂ 15 ಲಕ್ಷ. ಕೋಣೆಯ ಮುಂಗಡಕ್ಕೂ ಕೈಚೆಲ್ಲಿಗೂ 5 ಲಕ್ಷ. ಹುಡುಗನ ಉಳಿತಾಯ 12 ಲಕ್ಷವಿತ್ತು. ಮಿಕ್ಕ 13 ಲಕ್ಷಕ್ಕೆ ತೋಟವನ್ನು ಅಡವಿಡಬೇಕು. ನಾವು ಸಹಕಾರ ಸಂಘವೊಂದರಲ್ಲಿ ಬಹುಕಾಲ ಲೆಕ್ಕ ಬರೆದವರಾದುದರಿಂದ ಕಾಗದಗಳೆಲ್ಲವೂ ನಮ್ಮ ಮುಂದೆ ಬಂದವು. ಅವನ ತಾಯಿ ಕೇಳಿದುದು ಒಂದೇ ಮಾತು: “ಇದರಲ್ಲಿ ತೋಟ ಉಳಿಯುವುದೇ?”

ಆ ತೋಟದ ಕಥೆಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ನಮ್ಮ ಅಜ್ಜನು ಆ ಭೂಮಿಯಲ್ಲಿ ಚಾಲಗೇಣಿಯ ಒಕ್ಕಲಾಗಿದ್ದನು. ಹಳೆಯ ದಕ್ಷಿಣ ಕನ್ನಡದವರಿಗೆ ಮೂಲಗೇಣಿಗೂ ಚಾಲಗೇಣಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಹೊಸಬರಿಗಾಗಿ ಹೇಳುವುದಾದರೆ, ಮೂಲಗೇಣಿಯು ಮಕ್ಕಳು ಮೊಮ್ಮಕ್ಕಳಿಗೆ ಇಳಿಯುವ ಶಾಶ್ವತ ಹಕ್ಕು. ಚಾಲಗೇಣಿಯು ಧಣಿಯ ಮನಸ್ಸಿರುವಷ್ಟು ಕಾಲ ನಿಲ್ಲುವ ಒಕ್ಕಲುತನ. ಬೆಳೆ ಬರಲಿ ಬಿಡಲಿ, ಗೊತ್ತಾದಷ್ಟು ಮುಡಿ ಅಕ್ಕಿಯನ್ನು ಅಳೆಯಬೇಕು. ಹಬ್ಬಕ್ಕೆ ಬಾಳೆಗೊನೆ ಸೌತೆಕಾಯಿಗಳ ಕಾಣಿಕೆ ಬೇರೆ. ಒಕ್ಕಲು ನೆಟ್ಟ ಮರವು ಒಕ್ಕಲಿನದಾಗುವುದೆಂಬ ಭರವಸೆಯಿಲ್ಲ. 1974ನೆಯ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಈ ಪದ್ಧತಿ ಅಳಿಯಿತು. ನಮ್ಮ ತಂದೆಯವರು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ಹಲವು ಸಲ ನಿಂತು, ಆ ಭೂಮಿಯನ್ನು ಮನೆತನದ್ದಾಗಿ ಮಾಡಿಕೊಂಡರು. ಈಗ ಅಡವಿಗೆ ಹೋಗಬೇಕಾದುದು ಅದೇ ಭೂಮಿ.

ಕಂಪನಿಯ ಕರಾರುಪತ್ರವನ್ನು ಓದುತ್ತ ಹೋದಂತೆ ನಮಗೆ ಅಜ್ಜನ ಗೇಣಿಚೀಟಿಯೇ ನೆನಪಾಯಿತು. ಅವಧಿ ಐದು ವರ್ಷ. ಮುಂದುವರಿಸುವುದು ಕಂಪನಿಯ ಇಷ್ಟ. ಪ್ರತಿ ತಿಂಗಳ ಮಾರಾಟದಲ್ಲಿ ನೂರಕ್ಕೆ 6ರಂತೆ ರಾಜಧನ (ಧಣಿಗಳು ಹೋದರೂ ಈ ಪದದೊಳಗೆ ರಾಜನೊಬ್ಬನು ಕುಳಿತೇ ಇದ್ದಾನೆ), ಅದರ ಮೇಲೆ ಪ್ರಚಾರದ ಕಾಣಿಕೆಯೆಂದು ನೂರಕ್ಕೆ 2. ಗಮನಿಸತಕ್ಕ ಅಂಶವೇನೆಂದರೆ, ಇವು ಲಾಭದ ಮೇಲಿನ ಪಾಲಲ್ಲ, ಮಾರಾಟದ ಮೇಲಿನ ಪಾಲು. ಅಂಗಡಿಗೆ ನಷ್ಟವಾದ ತಿಂಗಳಲ್ಲಿಯೂ ಕಂಪನಿಗೆ ನಷ್ಟವಿಲ್ಲ.

ಈ ವ್ಯವಹಾರಕ್ಕೆ ಇಂದಿನ ರೂಪವನ್ನು ಕೊಟ್ಟವರಲ್ಲಿ ಅಮೆರಿಕದ ರೇ ಕ್ರಾಕ್ ಎಂಬಾತನು ಪ್ರಸಿದ್ಧನು. ಆತನು 1955ರಲ್ಲಿ ಮೆಕ್‌ಡೊನಾಲ್ಡ್ ಸೋದರರ ಹೆಸರಿನಲ್ಲಿ ಅಂಗಡಿಗಳನ್ನು ಹಂಚತೊಡಗಿದಾಗ ಮಾರಾಟದಲ್ಲಿ ನೂರಕ್ಕೆ 1.9ನ್ನು ಪಡೆಯುತ್ತಿದ್ದನು, ಅದರಲ್ಲಿಯೂ 0.5 ಸೋದರರಿಗೆ ಸಲ್ಲುತ್ತಿತ್ತು. ಅದರಿಂದ ಹೊಟ್ಟೆ ತುಂಬದೆ ಹೋಗಲು, ಹ್ಯಾರಿ ಸೊನ್ನೆಬಾರ್ನ್ ಎಂಬ ಆತನ ಸಹಾಯಕನು ಒಂದು ಉಪಾಯವನ್ನು ಹೂಡಿದನು. ಅಂಗಡಿಯ ನೆಲವನ್ನು ಕಂಪನಿಯೇ ಹಿಡಿದುಕೊಳ್ಳುವುದು, ಅದನ್ನು ಅಂಗಡಿಯವನಿಗೆ ಬಾಡಿಗೆಗೆ ಕೊಡುವುದು. 1956ರಲ್ಲಿ ಇದಕ್ಕೆಂದೇ ಬೇರೊಂದು ಕಂಪನಿ ಹುಟ್ಟಿತು. ಇಂದಿಗೂ ಆ ಸಂಸ್ಥೆಗೆ ತನ್ನ ಫ್ರಾಂಚೈಸಿ ಅಂಗಡಿಗಳಿಂದ ಬರುವ ಉತ್ಪನ್ನದಲ್ಲಿ ರಾಜಧನಕ್ಕಿಂತ ಬಾಡಿಗೆಯೇ ಹೆಚ್ಚು. ಲೋಕವೆಲ್ಲ ಅವರನ್ನು ಬರ್ಗರಿನ ವ್ಯಾಪಾರಿಗಳೆಂದು ತಿಳಿದಿದೆ; ನಮ್ಮ ಅಜ್ಜನಾಗಿದ್ದರೆ ಧಣಿಗಳೆಂದು ಒಡನೆಯೇ ಗುರುತಿಸುತ್ತಿದ್ದನು.

ಇನ್ನು ಲೆಕ್ಕದ ಮಾತು. ದಿನಕ್ಕೆ 15,000 ರೂಪಾಯಿಯ ಮಾರಾಟ, ನೂರಕ್ಕೆ 20ರ ಲಾಭ, ತಿಂಗಳಿಗೆ 90,000. ಹಾಕಿದ 25 ಲಕ್ಷವು 28 ತಿಂಗಳಲ್ಲಿ ಮರಳುತ್ತದೆಂದು ಕಂಪನಿಯ ಬಣ್ಣದ ಪುಸ್ತಕವು ಹೇಳುತ್ತಿತ್ತು. ಆ 15,000 ಎಲ್ಲಿಯದೆಂದು ನಾವು ಕೇಳಿದೆವು. ದೊಡ್ಡ ನಗರಗಳ ಅಂಗಡಿಗಳ ಸರಾಸರಿಯೆಂದು ಉತ್ತರ ಬಂತು. ಸುಳ್ಯವು ದೊಡ್ಡ ನಗರವಲ್ಲ. ಮಾಣಿ–ಮೈಸೂರು ಹೆದ್ದಾರಿಯ ಮೇಲಿನ ಊರು, ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳಿಂದ ಬೆಳೆದ ಊರು. ಇಂತಹ ತಿಂಡಿಗೆ ಗಿರಾಕಿಗಳು ಮುಖ್ಯವಾಗಿ ವಿದ್ಯಾರ್ಥಿಗಳು. ಕಾಲೇಜಿಗೆ ರಜೆ ಬಂದರೆ ಅವರು ಊರು ಬಿಡುತ್ತಾರೆ. ಆಟಿಯ ಮಳೆಯಲ್ಲಿ ಸಂಜೆ ಏಳರ ಮೇಲೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ.

ಹುಡುಗನಿಗೆ ನಾವು ಒಂದು ಕೆಲಸವನ್ನು ಒಪ್ಪಿಸಿದೆವು. ಪೇಟೆಯಲ್ಲಿ ಅಂತಹುದೇ ಒಂದು ಅಂಗಡಿಯಿರುವ ಕಡೆ ಎದುರಿಗೆ ಕುಳಿತು, ಒಳಗೆ ಹೋಗುವವರನ್ನೂ ಪೊಟ್ಟಣ ಒಯ್ಯುವವರನ್ನೂ ಎಣಿಸು. ಕಾಲೇಜು ನಡೆಯುವಾಗ ಒಂದು ವಾರ, ರಜೆಯಲ್ಲಿ ಒಂದು ವಾರ, ಆಟಿಯಲ್ಲಿ ಒಂದು ವಾರ. ಮೊದಲು ನಾಚಿದನಾದರೂ ಎಣಿಸಿದನು. ದಿನಕ್ಕೆ ಸರಾಸರಿ 50 ಮಂದಿ. ತಲೆಗೆ 200 ರೂಪಾಯಿಯೆಂದರೆ ದಿನಕ್ಕೆ 10,000, ತಿಂಗಳಿಗೆ 3 ಲಕ್ಷ.

ಇದರಿಂದ ಕಳೆಯುತ್ತ ಬಂದೆವು. ಸಾಮಗ್ರಿಗೆ ನೂರಕ್ಕೆ 40ರಂತೆ 1,20,000. ಹಿಟ್ಟು, ಗಿಣ್ಣು, ಮಾಂಸ, ಪೊಟ್ಟಣದ ಕಾಗದ, ಎಲ್ಲವನ್ನೂ ಕಂಪನಿಯ ಉಗ್ರಾಣದಿಂದಲೇ, ಅವರು ಹೇಳಿದ ಕ್ರಯಕ್ಕೇ ಕೊಳ್ಳಬೇಕೆಂಬ ಕಟ್ಟಿದೆ. ಪುತ್ತೂರಿನ ಸಂತೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿದರೂ ತರುವಂತಿಲ್ಲ. ರಾಜಧನ 18,000, ಪ್ರಚಾರಕ್ಕೆ 6,000. ಇವೆರಡರ ಮೇಲೆ ನೂರಕ್ಕೆ 18ರಂತೆ ಸರಕು ಮತ್ತು ಸೇವಾ ತೆರಿಗೆ 4,320. ಈ ಕೊನೆಯದನ್ನು ಬಹಳ ಮಂದಿ ಕಾಣುವುದಿಲ್ಲ. 2017ನೆಯ ನವೆಂಬರಿನಿಂದ ಇಂತಹ ಭೋಜನಶಾಲೆಗಳು ಗಿರಾಕಿಯಿಂದ ನೂರಕ್ಕೆ 5ರ ತೆರಿಗೆಯನ್ನು ಪಡೆದು ಕಟ್ಟುತ್ತವೆ. ತಾವು ಕೊಳ್ಳುವಾಗ ತೆತ್ತ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವ ಹಕ್ಕು ಅವುಗಳಿಗಿಲ್ಲ. ಎಂದರೆ ಈ ನೂರಕ್ಕೆ 18 ಅಂಗಡಿಯವನ ಕೈಯಿಂದಲೇ ಹೋಗತಕ್ಕುದು. ಬಾಡಿಗೆ 35,000; ಐದು ಜನರ ಸಂಬಳ 70,000; ವಿದ್ಯುತ್ತು, ಅನಿಲ 22,000. ಮಾರಾಟದ ಮೂರನೆಯ ಒಂದು ಪಾಲು ಮೊಬೈಲಿನ ಮೂಲಕ ಮನೆಗೆ ತರಿಸಿಕೊಳ್ಳುವವರದೆಂದು ಹಿಡಿದರೆ, ತಲುಪಿಸುವ ಕಂಪನಿಗಳಿಗೆ ಇನ್ನೊಂದು 22,000. ಒಟ್ಟು 2,97,320. ಉಳಿಯುವುದು 2,680 ರೂಪಾಯಿ. 25 ಲಕ್ಷವನ್ನು ನೂರಕ್ಕೆ 7ರ ಬಡ್ಡಿಗೆ ಠೇವಣಿಯಿಟ್ಟಿದ್ದರೆ ತಿಂಗಳಿಗೆ 14,583 ಬರುತ್ತಿತ್ತು. ಹುಡುಗನ ಸ್ವಂತ ದುಡಿಮೆಗೆ ನಾವು ಈ ಲೆಕ್ಕದಲ್ಲಿ ಕಾಸನ್ನೂ ಹಿಡಿದಿಲ್ಲ. ತೋಟದ ಸಾಲದ ಬಡ್ಡಿಯನ್ನೂ ಹಿಡಿದಿಲ್ಲ.

ಮಾರಾಟ 15,000ಕ್ಕೆ ಏರಿದರೆ ಲಾಭವುಂಟೆಂಬುದು ನಿಜ. ಬಾಡಿಗೆ ಸಂಬಳಗಳು ಅದೇ ಪ್ರಮಾಣದಲ್ಲಿ ಏರುವುದಿಲ್ಲವಷ್ಟೆ. ಹೆಸರಿಗೆ ಬೆಲೆಯಿಲ್ಲವೆಂದೂ ನಮ್ಮ ವಾದವಲ್ಲ. ಹೆದ್ದಾರಿಯಲ್ಲಿ ಮಡಿಕೇರಿಗೆ ಹೋಗುವ ಅಪರಿಚಿತನು ಪರಿಚಿತ ಹಲಗೆಯನ್ನು ಕಂಡು ವಾಹನ ನಿಲ್ಲಿಸುತ್ತಾನೆ; ಅಡಿಗೆ ಬಾರದವನಿಗೂ ಅಳತೆ, ಶುಚಿ, ಹೊತ್ತುಗಳ ಶಿಸ್ತು ಸಿದ್ಧವಾಗಿ ದೊರೆಯುತ್ತದೆ. ಆದರೆ ಆ ಏರಿಕೆಯ ಭಾರವು ಯಾರ ಮೇಲಿದೆ ಎಂಬುದನ್ನು ನೋಡಬೇಕು. ಕರಾರಿನಲ್ಲಿ ಎಲ್ಲೆಯೊಂದನ್ನು ಹೇಳಿರಲಿಲ್ಲ. ನಾಳೆ ಅದೇ ಕಂಪನಿಯು ಅರ್ಧ ಮೈಲಿಯಾಚೆ ಇನ್ನೊಬ್ಬನಿಗೆ ಹಲಗೆ ಕೊಟ್ಟರೆ ಕೇಳುವ ದಾರಿಯಿಲ್ಲ. ಕೋಣೆಯ ಬಾಡಿಗೆಪತ್ರ ಮೂರು ವರ್ಷದ್ದು, ಕಂಪನಿಯ ಕರಾರು ಐದು ವರ್ಷದ್ದು. ನಡುವೆ ಕೋಣೆಯವನು ಎಬ್ಬಿಸಿದರೆ ದಂಡ ಹುಡುಗನದು. ವ್ಯಾಜ್ಯ ಬಂದರೆ ದೂರದ ನಗರದ ನ್ಯಾಯಾಲಯ. ಅಮೆರಿಕದಲ್ಲಿ 1979ರಿಂದ ಒಂದು ನಿಯಮವಿದೆ. ಕಂಪನಿಯು ತನ್ನ ಲೆಕ್ಕ, ವ್ಯಾಜ್ಯ, ಮುಚ್ಚಿದ ಅಂಗಡಿಗಳ ವಿವರಗಳನ್ನು ಬರೆದುಕೊಡಬೇಕು, ಇಂದಿನ ನಿಯಮದಂತೆ ಸಹಿಗೆ 14 ದಿನ ಮುಂಚಿತವಾಗಿ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಅಂತಹ ಕಾನೂನು ಇಲ್ಲ. 1872ರ ಕರಾರು ಕಾಯಿದೆಯೇ ಗತಿ. ದೊಡ್ಡವರಿಗೂ ಇದರ ಬಿಸಿ ತಟ್ಟಿದೆ. ಉತ್ತರ ಮತ್ತು ಪೂರ್ವ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿಗಳನ್ನು ನಡೆಯಿಸುತ್ತಿದ್ದ ಪಾಲುದಾರಿಕೆಯಲ್ಲಿ 2013ರಲ್ಲಿ ಮೊದಲಾದ ಜಗಳವು 2017ರಲ್ಲಿ 169 ಅಂಗಡಿಗಳ ಕರಾರನ್ನು ಕಂಪನಿಯು ರದ್ದುಪಡಿಸುವವರೆಗೆ ಹೋಗಿ, 2019ರಲ್ಲಿ ರಾಜಿಯಾಯಿತು. ಅಲ್ಲಿ ಎರಡು ಕಡೆಗೂ ವಕೀಲರಿದ್ದರು. ಅಜ್ಜಾವರದ ವಿಧವೆಗೆ ಯಾರಿದ್ದಾರೆ?

ತಿಂಡಿಯ ಅಂಗಡಿಯನ್ನು ಊರೂರಿಗೆ ಹಬ್ಬಿಸುವ ವಿದ್ಯೆಯು ನಮ್ಮ ಜಿಲ್ಲೆಗೆ ಹೊಸದಲ್ಲ. ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ ಅಡಿಗೆಮನೆಯ ಆಳಾಗಿ ದುಡಿದು 1938ರಲ್ಲಿ ವುಡ್‌ಲ್ಯಾಂಡ್ಸನ್ನು ತೆರೆದರು. ಪಾರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಿನಲ್ಲಿ 1924ರಲ್ಲಿ ತೊಡಗಿದ ಹೋಟೆಲೇ ಎಂ.ಟಿ.ಆರ್. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿಯನ್ನು ತೆರೆದು ನಿಂತು ತಿನ್ನುವ ಪದ್ಧತಿಯನ್ನು ತಂದ ಮೇಲೆ, ಆ ಹೆಸರೇ ಊರಿನ ಸೊತ್ತಾಗಿ, ಕಂಡವರೆಲ್ಲ ತಮ್ಮ ಹೋಟೆಲಿಗೆ ಅದನ್ನು ಜೋಡಿಸಿಕೊಂಡರು, ರಾಜಧನ ಕೇಳಿದವರಿಲ್ಲ. ಉಡುಪಿಯ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನು ದೋಸೆಯ ಕಾವಲಿಗೆ ಏರಿ, ಗಲ್ಲಕ್ಕೆ ಏರಿ, ಕೊನೆಗೆ ಬೇರೆ ಊರಿನಲ್ಲಿ ತನ್ನದೇ ಹಲಗೆಯನ್ನು ತೂಗಹಾಕುತ್ತಿದ್ದನು. ಅವನು ಒಯ್ದ ಬಂಡವಾಳವು ಕೈಯಲ್ಲಿತ್ತು. ಅದನ್ನು ಐದು ವರ್ಷಕ್ಕೆ ಕಿತ್ತುಕೊಳ್ಳುವ ಕರಾರು ಇರಲಿಲ್ಲ.

ಇದನ್ನೆಲ್ಲ ಕೇಳಿ ಹುಡುಗನು ಸುಮ್ಮನಾಗಲಿಲ್ಲ. ಸುಮ್ಮನಾಗಬೇಕೆಂದು ನಮ್ಮ ಅಪೇಕ್ಷೆಯೂ ಇರಲಿಲ್ಲ. ಮೂರು ಸಂಗತಿಗಳನ್ನು ಬರೆದು ಕಳುಹಿಸಿದನು: ಐದು ಮೈಲಿಯ ಎಲ್ಲೆ ಬೇಕು, ಮೊದಲ ವರ್ಷ ರಾಜಧನವು ಲಾಭದ ಮೇಲಿರಬೇಕು, ಸುಳ್ಯದಂತಹ ಮೂರು ಊರುಗಳ ಅಂಗಡಿಯವರೊಡನೆ ಮಾತಾಡಲು ಬಿಡಬೇಕು. ಕರಾರು ಎಲ್ಲರಿಗೂ ಒಂದೇ, ಬದಲಾಗದು. ತಿಂಗಳೊಳಗೆ ಮುಂಗಡ ಕಟ್ಟದಿದ್ದರೆ ಬೇರೆಯವರು ಕಾದಿದ್ದಾರೆ ಎಂದು ಉತ್ತರ ಬಂತು. ಮುಂಗಡ ಕಟ್ಟಲಿಲ್ಲ. ನೋಡಿಟ್ಟಿದ್ದ ಕೋಣೆಗೆ ಈಗ ಮೊಬೈಲಿನ ಅಂಗಡಿ ಬಂದಿದೆ.

ಬೆಂಗಳೂರಿಗೆ ಮರಳಲು ಅವನಿಗೆ ಮನಸ್ಸಿಲ್ಲ. ಪುತ್ತೂರಿನ ಹೋಟೆಲೊಂದರ ಅಡಿಗೆಮನೆಯಲ್ಲಿ ದಿನಗೂಲಿಗೆ ಸೇರಿದ್ದಾನೆ; ಬೆಳಗ್ಗೆ ನಾಲ್ಕಕ್ಕೆ ಎದ್ದು ಬನ್ಸಿನ ಹಿಟ್ಟು ನಾದುತ್ತಾನಂತೆ. ಪದವೀಧರ ಮಗನು ಹಿಟ್ಟು ನಾದುವುದು ತಾಯಿಗೆ ಸರಿಬಿದ್ದಿಲ್ಲ. ನಮ್ಮ ಮೇಲೆ ಅವಳಿಗೆ ಸ್ವಲ್ಪ ಮುನಿಸೂ ಉಂಟು. ಮೂರು ತಿಂಗಳು ಕಳೆದ ಮೇಲೆ, ಅಡವಿನ ಮಾತನ್ನು ಎತ್ತದೆ, ಅವನ 12 ಲಕ್ಷದೊಳಗೆ ಏನಾಗಬಹುದೆಂದು ಲೆಕ್ಕವನ್ನು ಮತ್ತೆ ತೆಗೆಯುವುದೆಂದು ಮಾತಾಗಿದೆ.