ನನ್ನ ನೋವಿನ ಲೆಕ್ಕದ ಪುಸ್ತಕ

ನಮ್ಮೂರು ತಿಪಟೂರು, ಕೊಬ್ಬರಿಗೆ ಹೆಸರಾದ ಊರು. ಸಂಕ್ರಾಂತಿ ಬಂತೆಂದರೆ ಎಳ್ಳು ಬೀರುವುದಕ್ಕೆ ಕೊಬ್ಬರಿ, ಬೆಲ್ಲ ಹೆಚ್ಚುವ ಕೆಲಸ ನಮ್ಮನೆಯಲ್ಲಿ ನನ್ನದೇ. ಮದುವೆಯಾಗಿ ಬಂದ ವರ್ಷದಿಂದ ಆ ಅಡಕತ್ತರಿಯನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ. ಹೋದ ವರ್ಷದ ಸಂಕ್ರಾಂತಿಯಲ್ಲಿ ಮಾತ್ರ ಅದನ್ನು ಸೊಸೆಯ ಕೈಗಿತ್ತು, “ಈ ಸಲ ನೀನೇ ಹೆಚ್ಚಮ್ಮ, ನಂಗೆ ಕಣ್ಣು ಮಂಜು” ಅಂದೆ. ಕಣ್ಣು ಚೆನ್ನಾಗಿಯೇ ಇತ್ತು. ಮಡಚಲು ಬಾರದೆ ಇದ್ದದ್ದು ಬೆರಳು.

ಆಮೇಲೆ ಗೋಕುಲಾಷ್ಟಮಿ ಬಂತು. “ಎಣ್ಣೆ ತಿಂಡಿ ಯಾರಿಗೂ ಒಳ್ಳೇದಲ್ಲ” ಎಂದು ಹೇಳಿ ಚಕ್ಕುಲಿ ಒರಳನ್ನು ಅಟ್ಟದಿಂದ ಇಳಿಸಲೇ ಇಲ್ಲ. ಮನೆಯವರೆಲ್ಲ ನಂಬಿದರು. ನಂಬದವಳು ಮೊಮ್ಮಗಳು ಪುಟ್ಟಿ ಒಬ್ಬಳೇ. ಆಗ ಅವಳು ಆರನೆಯ ತರಗತಿ. ಒಂದು ಬೆಳಿಗ್ಗೆ ನಾನು ಕಾಫಿ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದೆ.

“ಅಜ್ಜಿ, ಬೆರಳಲ್ಲಿ ಯಾಕೆ ಹಿಡಿಯಲ್ಲ?”

“ಏನಿಲ್ಲ ಕಣೇ, ಚಳಿ.”

“ಸೆಖೆ ಅಂತ ಈಗ ತಾನೇ ಫ್ಯಾನ್ ಹಾಕಿಸಿಕೊಂಡ್ಯಲ್ಲ!”

ಅವತ್ತು ಸಂಜೆ ಅವಳು ಅಪ್ಪನಿಗೆ ಹೇಳಿಬಿಟ್ಟಳು. ಮಾರನೆಯ ದಿನ ಮಗ ನನ್ನನ್ನು ಊರಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಅವರು ನನ್ನ ಬೆರಳ ಗೆಣ್ಣುಗಳನ್ನು ಒತ್ತಿ ನೋಡಿ, “ಇದು ಬರೀ ವಯಸ್ಸಿನ ಸವೆತದ ಹಾಗೆ ಕಾಣ್ತಿಲ್ಲ. ತಡ ಮಾಡಬೇಡಿ, ಬೆಂಗಳೂರಿನಲ್ಲಿ ಕೀಲುವಾತದ ತಜ್ಞರನ್ನು ನೋಡಿ” ಎಂದು ಪತ್ರ ಬರೆದುಕೊಟ್ಟರು. ಕೀಲಿಗೆ ಮೂಳೆ ಡಾಕ್ಟರು ಎಂದಷ್ಟೇ ನನಗೆ ಗೊತ್ತಿತ್ತು. ರುಮಟಾಲಜಿಸ್ಟ್ ಎಂಬವರು ಇದ್ದಾರೆ ಅನ್ನುವುದೇ ಗೊತ್ತಿರಲಿಲ್ಲ. ಮಗ ಫೋನ್ ಮಾಡಿದ. ಹನ್ನೆರಡು ದಿನ ಬಿಟ್ಟು ಸಮಯ ಸಿಕ್ಕಿತು.

ಪುಟ್ಟಿಗೆ ದಸರಾ ರಜೆ. ಹಳೆಯ ಲೆಕ್ಕದ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದಿದ್ದ ಹಾಳೆಗಳನ್ನು ತೆರೆದು ನನ್ನ ಮುಂದೆ ಕೂತಳು. “ಕೈ ಇಡು ಅಜ್ಜಿ” ಎಂದು ನನ್ನ ಎರಡೂ ಕೈಗಳನ್ನು ಹಾಳೆಯ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಳು. “ಎಲ್ಲೆಲ್ಲಿ ನೋವು, ತೋರಿಸು” ಅಂದಳು. ನಾನು ತೋರಿಸಿದ ಕಡೆಗೆಲ್ಲ ಕೆಂಪು ಚುಕ್ಕಿ ಇಟ್ಟಳು. ಬಲಗೈಯ ತೋರುಬೆರಳು, ನಡುಬೆರಳಿನ ಗೆಣ್ಣು, ಮಣಿಕಟ್ಟು. ಎಡಗೈಯಲ್ಲೂ ಅವೇ. ಎರಡು ಕೈಯಲ್ಲೂ ಒಂದೇ ಜಾಗ ನೋಯುತ್ತಿದೆ ಎಂದು ನನಗೇ ಗೊತ್ತಾದದ್ದು ಆ ಚುಕ್ಕಿಗಳನ್ನು ನೋಡಿದ ಮೇಲೆ.

“ಯಾವಾಗಿಂದ?” ಅಂದಳು. “ಮೊದಲಿಂದಲೂ ಇದೆ” ಅಂದೆ. “ಮೊದಲಿಂದ ಅಂದ್ರೆ?” ಆಗ ಅಡಕತ್ತರಿಯ ನೆನಪಾಯಿತು. ನಮ್ಮಂಥವರಿಗೆ ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಸಂಕ್ರಾಂತಿಗೆ ಬೆರಳು, ಯುಗಾದಿಗೆ ಮಣಿಕಟ್ಟು, ಗೌರಿ ಹಬ್ಬಕ್ಕೆ ಪಾದ. ಲೆಕ್ಕ ಹಾಕಿದರೆ ಒಂಬತ್ತು ತಿಂಗಳು! ಸೊಸೆ ಒಲೆಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. “ಅತ್ತೆ, ಕಣ್ಣು ಮಂಜು ಅಂದಿದ್ರಿ” ಅಂದಳು, ಅಷ್ಟೇ. ನನಗೆ ತಲೆಯೆತ್ತಿ ನೋಡಲಾಗಲಿಲ್ಲ.

ಮರುದಿನದಿಂದ ಗಡಿಯಾರದ ಲೆಕ್ಕ. “ಬೆಳಿಗ್ಗೆ ಸ್ವಲ್ಪ ಹೊತ್ತು ಬಿಗಿ ಇರುತ್ತೆ” ಎನ್ನುವುದು ನನ್ನ ಮಾತು. ನಾನು ಎದ್ದ ಸಮಯ, ಮುಷ್ಟಿ ಪೂರ್ತಿ ಮಡಚಿದ ಸಮಯ, ಎರಡನ್ನೂ ಪುಟ್ಟಿ ಬರೆದಳು. 5.30ಕ್ಕೆ ಎದ್ದರೆ 7 ಗಂಟೆಯಾಗುತ್ತಿತ್ತು. ನನ್ನ “ಸ್ವಲ್ಪ ಹೊತ್ತು” ಒಂದೂವರೆ ಗಂಟೆಯದು! ದಿನವೂ ನೋವಿಗೆ ಸೊನ್ನೆಯಿಂದ ಹತ್ತರ ತನಕ ಅಂಕ ಕೊಡಬೇಕೆಂದಳು. ಮೊದಲ ದಿನ ಎರಡು ಅಂದೆ. ನನ್ನ ಮುಖ ನೋಡಿ, “ಪರೀಕ್ಷೆಯಲ್ಲಿ ಕಾಪಿ ಹೊಡೀಬಾರದು ಅಜ್ಜಿ” ಅಂದಳು. ಏಳು ಎಂದು ತಿದ್ದಿಸಿದೆ. ಗೆಣ್ಣು ಊದಿಕೊಂಡಿದ್ದ ಬೆಳಿಗ್ಗೆ ಮಗ ಫೋನಿನಲ್ಲಿ ಫೋಟೋ ತೆಗೆದಿಟ್ಟ. ಡಾಕ್ಟರ ಮುಂದೆ ಕೂತ ದಿನವೇ ಊತ ಇಳಿದಿದ್ದರೆ ತೋರಿಸುವುದೇನು?

ಸೊಸೆ ಹಳೆಯ ರಕ್ತಪರೀಕ್ಷೆಯ ಚೀಟಿ, ಎಕ್ಸ್‌ರೇಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು. ನಮ್ಮಕ್ಕನಿಗೆ ಕೊನೆಗಾಲದಲ್ಲಿ ಬೆರಳುಗಳು ಸೊಟ್ಟಗಾಗಿದ್ದವು. ಅದನ್ನೂ ಬರೆಯಿಸಿದಳು. ಕೇಳಬೇಕಾದ ಪ್ರಶ್ನೆಗಳಲ್ಲಿ ಮುಖ್ಯವಾದ ಮೂರನ್ನು ಹಾಳೆಯ ಮೇಲ್ಗಡೆ ಬರೆದೆವು. ಇದು ಯಾವ ಬಗೆಯ ಕೀಲುವಾತ? ಔಷಧಿ ಎಷ್ಟು ದಿನ? ನನ್ನ ಬೆರಳೂ ಅಕ್ಕನ ಬೆರಳಿನ ಹಾಗೆ ಆಗುತ್ತದೆಯೇ? ಮೂರನೆಯದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಪುಟ್ಟಿ ಸುಮ್ಮನೆ ಬರೆದುಕೊಂಡಳು.

ಕೊನೆಯದು ಔಷಧಿಯ ಲೆಕ್ಕ. ರಕ್ತದೊತ್ತಡದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಪಕ್ಕದ ಮನೆಯವರು ತಂದುಕೊಟ್ಟ ನಾಟಿ ಚೂರ್ಣ, ಎಲ್ಲವನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿದೆವು. “ಬಿಳಿ ಮಾತ್ರೆ, ಕೆಂಪು ಮಾತ್ರೆ” ಎಂದರೆ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಮಾತ್ರೆಯ ಪಟ್ಟಿಯನ್ನೇ ತೋರಿಸಬೇಕು. ಅಷ್ಟರಲ್ಲಿ ಪುಟ್ಟಿ ಅವಲಕ್ಕಿ ಡಬ್ಬದ ಹಿಂದಿನಿಂದ ಇನ್ನೊಂದು ಪೊಟ್ಟಣ ತಂದಳು. “ಇದು ಯಾವುದು ಅಜ್ಜಿ?”

ಅದು ನನ್ನ ಗುಟ್ಟು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದ ನೋವಿನ ಮಾತ್ರೆ. ಐದಾರು ತಿಂಗಳಿಂದ ದಿನಕ್ಕೆ ಒಂದು, ಕೆಲವು ದಿನ ಎರಡು. ಅದರ ಬಲದಿಂದಲೇ ನಾನು “ಏನಿಲ್ಲ” ಎನ್ನುತ್ತಿದ್ದದ್ದು. “ಇದನ್ನು ಬರೀಬೇಡ ಪುಟ್ಟಿ, ಅಪ್ಪ ಬೈತಾನೆ” ಅಂದೆ. ಅವಳು ಪೆನ್ಸಿಲ್ ಕೆಳಗಿಟ್ಟಳು. “ಡಾಕ್ಟ್ರಿಗೆ ಗೊತ್ತಾಗದೆ ಬೇರೆ ಮಾತ್ರೆ ಕೊಟ್ರೆ, ನಿಂಗೇನಾದ್ರೂ ಆದ್ರೆ?” ಅವಳ ಕಣ್ಣಲ್ಲಿ ನೀರಿತ್ತು. ಪೆನ್ಸಿಲ್ ಎತ್ತಿ ಅವಳ ಕೈಗೆ ಕೊಟ್ಟೆ. “ಬರಿ” ಅಂದೆ.

ಹೋಗುವ ದಿನ ಮಾತ್ರೆ ನುಂಗಬೇಕೆ, ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಕೆ ಎಂದು ಮಗ ಮೊದಲೇ ಫೋನ್ ಮಾಡಿ ಕೇಳಿದ್ದ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ, ತಿಂಡಿ ತಿಂದೇ ಬನ್ನಿ ಅಂದಿದ್ದರು. ಮೊಣಕೈ ತನಕ ಸಲೀಸಾಗಿ ಏರುವ ಸಡಿಲ ತೋಳಿನ ರವಿಕೆ ತೊಟ್ಟೆ. ಬೆಳಗಿನ ರೈಲು ಹತ್ತಿದೆವು.

ಅಲ್ಲಿ ಕಾಯುವ ಜಾಗದಲ್ಲಿ ಪುಟ್ಟಿಯ ವಯಸ್ಸಿನ ಹುಡುಗನೊಬ್ಬ ಮಂಡಿ ಊದಿಸಿಕೊಂಡು ಕೂತಿದ್ದ. ಇದು ಮುದುಕರ ಕಾಯಿಲೆ ಎಂದು ತಿಳಿದಿದ್ದೆ. ಮಕ್ಕಳಿಗೂ ಬರುತ್ತದೆಯಂತೆ. ಮಕ್ಕಳೇ, ಬೆಳಿಗ್ಗೆ ಏಳುವಾಗ ನಿಮ್ಮ ಕೀಲು ಬಿಗಿಯುತ್ತಿದ್ದರೆ, ಊದಿಕೊಂಡು ಇಳಿಯದೆ ಇದ್ದರೆ ನನ್ನ ಹಾಗೆ ಮುಚ್ಚಿಡಬೇಡಿ.

ಡಾಕ್ಟರಮ್ಮ ಕೈಮುಟ್ಟಿ ಒಂದೊಂದೇ ಗೆಣ್ಣು ಒತ್ತಿ ನೋಡಿದರು. “ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತೆ?” ಎಂದು ಕೇಳಿದರು. ಇಷ್ಟೆಲ್ಲ ಆದ ಮೇಲೂ ನನ್ನ ಬಾಯಿಗೆ ಬಂದದ್ದು “ಏನಿಲ್ಲ, ಸ್ವಲ್ಪ...” ಅಷ್ಟರಲ್ಲಿ ಪುಟ್ಟಿ ನೋಟ್‌ಬುಕ್ ಮುಂದೆ ಚಾಚಿದಳು. ಅವರು ಅದರ ಒಂದೊಂದು ಹಾಳೆಯನ್ನೂ ನಿಧಾನವಾಗಿ ಓದಿದರು. ಸವೆತದ ನೋವಾದರೆ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ, ಇಷ್ಟು ಹೊತ್ತು ಇದ್ದರೆ ಬೇರೆ ಯೋಚನೆ ಮಾಡಬೇಕು ಅಂದರು. ಜ್ವರ, ಸುಸ್ತು, ಚರ್ಮದ ಮೇಲೆ ಗುಳ್ಳೆ, ಕಣ್ಣು ಬಾಯಿ ಒಣಗುವುದು, ಎಲ್ಲವನ್ನೂ ಕೇಳಿದರು. ಮಾತ್ರೆಯ ಪೊಟ್ಟಣ ನೋಡಿ ಮಾತ್ರ ಅವರ ಮುಖ ಗಂಭೀರವಾಯಿತು. ಇಂಥ ಮಾತ್ರೆ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ರಕ್ತದೊತ್ತಡವೂ ಏರಬಹುದು ಅಂದರು. ಕೀಲಿನ ಪರೀಕ್ಷೆಗಳ ಜೊತೆಗೆ ಮೂತ್ರಪಿಂಡದ ಪರೀಕ್ಷೆಯನ್ನೂ ಬರೆದರು.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಮೂತ್ರಪಿಂಡಕ್ಕೆ ಸದ್ಯ ಏನೂ ಆಗಿರಲಿಲ್ಲ. ಕೀಲಿನದು ರುಮಟಾಯ್ಡ್ ಆರ್ಥ್ರೈಟಿಸ್. ಡಾಕ್ಟರಮ್ಮ ಪುಟ್ಟಿಗೆ ಹೇಳಿದ್ದು ಹೀಗೆ: “ಮೈಯೊಳಗೆ ರೋಗಾಣುಗಳ ಜೊತೆ ಹೋರಾಡೋ ಕಾವಲಿನ ಪಡೆ ಇರುತ್ತೆ. ಅದು ದಾರಿ ತಪ್ಪಿ ನಿಮ್ಮಜ್ಜಿಯ ಕೀಲಿನ ಒಳಪೊರೆ ಮೇಲೇ ಬಿದ್ದಿದೆ. ಬೇಗ ಔಷಧಿ ಶುರು ಮಾಡಿದಷ್ಟೂ ಬೆರಳು ಸೊಟ್ಟಗಾಗೋದನ್ನ ತಡೆಯೋದು ಸುಲಭ.” ನನ್ನ ಮೂರನೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇತ್ತು.

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರದಲ್ಲಿ ಒಂದೇ ದಿನ ನುಂಗಬೇಕು, ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ ಎಂದು ಎರಡು ಸಲ ಹೇಳಿದರು. ನನ್ನ ದಿನ ಭಾನುವಾರ. ಪುಟ್ಟಿ ಕ್ಯಾಲೆಂಡರಿನ ಭಾನುವಾರಗಳಿಗೆಲ್ಲ ಸುತ್ತು ಹಾಕಿದ್ದಾಳೆ. ಗುಣ ಕಾಣಲು ಕೆಲವು ವಾರ ಬೇಕಾಯಿತು. ಆಗಾಗ ರಕ್ತಪರೀಕ್ಷೆಯೂ ತಪ್ಪದು.

ಮೊನ್ನೆ ಮತ್ತೆ ಸಂಕ್ರಾಂತಿ ಬಂತು. ಸೊಸೆ ಕೊಬ್ಬರಿ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಳು. ನಾನು ಪಕ್ಕಕ್ಕೆ ಹೋಗಿ ಕೂತೆ.

“ನೋವಿದೆಯಾ ಅಜ್ಜಿ?” ಅಂದಳು ಪುಟ್ಟಿ.

ಬೆರಳು ಮಡಚಿ ನೋಡಿಕೊಂಡೆ. “ಇವತ್ತು ಮೂರು” ಅಂದೆ.

ಪುಟ್ಟಿ ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ಅಮ್ಮನ ಕೈಯಿಂದ ಅಡಕತ್ತರಿ ಇಸಿದುಕೊಂಡು ನನಗೆ ಕೊಟ್ಟಳು. “ಒಂದೇ ಬಟ್ಟಲು ಅಜ್ಜಿ, ಮಿಕ್ಕಿದ್ದು ನನಗೆ ಕಲಿಸು.”